ಬೀರಣ್ಣ ಹಕ್ಕಿ ನೋಡಲು ಹೋದದ್ದು

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತನ್ನು ಹಿರಿಯರು ಯಾರನ್ನು ನೋಡಿ ಹೇಳಿದರೋ ಗೊತ್ತಿಲ್ಲ. ಮಾಯಕ್ಕನಿಗೆ ಮಾತ್ರ ಆ ವಿಷಯದಲ್ಲಿ ಸಂಶಯವಿರಲಿಲ್ಲ. ತನ್ನ ಗಂಡ ಬೀರಣ್ಣನನ್ನು ನೋಡಿಯೇ ಹೇಳಿದ್ದು. ಬೆಳಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಬೀರಣ್ಣ ಸುಳ್ಳುಗಾರನೇನಲ್ಲ. ಯಾರಾದರೂ ಏನಾದರೂ ಕೇಳಿದರೆ ‘ಗೊತ್ತಿಲ್ಲ’ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೇ. ದಾರಿ ಕೇಳಿದ ಪರವೂರಿನವರನ್ನು ಅವನು ಬಹಳ ಪ್ರೀತಿಯಿಂದ ಊರಿನ ಶಹಾಪುರ ಭಾಗದ ಎಲ್ಲ ಗಲ್ಲಿಗಳಿಗೂ ಕಳಿಸಿದ್ದ. ಅವರಲ್ಲಿ ಕೆಲವರು ಇನ್ನೂ ಅಲ್ಲೇ ತಿರುಗುತ್ತಿದ್ದರೂ ಇರಬಹುದು.

ಆ ವರ್ಷ ಕಚೇರಿಗೆ ಗುರುಪುತ್ರಪ್ಪ ಎಂಬ ಹೊಸ ಸಾಹೇಬರು ಬಂದರು. ಅವರಿಗೆ ಹಕ್ಕಿಗಳ ಹುಚ್ಚು. ಫೈಲು ಮುಂದಿದ್ದರೂ ಕಣ್ಣು ಕಿಟಕಿಯಾಚೆಯ ಬೇವಿನ ಮರದಲ್ಲಿರುತ್ತಿತ್ತು. ಶಿವರಾತ್ರಿ ಮುಗಿದು, ಚಳಿ ಶಿವ ಶಿವಾ ಎಂದು ಹೊರಟುಹೋದ ಮೇಲೆ ಒಂದು ದಿನ ಚಹಾದ ಹೊತ್ತಿಗೆ ಅವರು ಮನಸ್ಸು ಬಿಚ್ಚಿದರು.

“ಹಕ್ಕಿ ತಮ್ಮ ತಮ್ಮ ಗಿಡಕ್ಕ ತಿರುಗಿ ಬರೂ ಹೊತ್ತು ನೋಡ್ರಿ ಇದು. ಮಂಗಟ್ಟಿ ಹಕ್ಕಿ ಜೋಡಿ ವರ್ಷಾ ಅದ ಗಿಡದ ಅದ ಪೊಟರಿಗೆ ಬರ್ತಾವಂತ. ಹೆಣ್ಣು ಒಳಗ ಕುಂತು ಬಾಗಿಲಾ ಮೆತ್ತಿಕೊಳ್ಳತೈತಿ. ಮರಿ ದೊಡ್ಡೂ ಆಗೂತನಕಾ ಗಂಡು ಹೊರಗಿಂದ ತಂದು ಉಣಸತೈತಿ. ಒಮ್ಮೆರ ಕಣ್ಣಾರೆ ನೋಡಬೇಕಂತ ಭಾಳ ಆಸೆ ಐತಿ ನನಗ. ಬೀರಣ್ಣ, ನಿಮ್ಮದು ಕುರಿ ಕಾಯೋ ಮನಿತನ ಅಲ್ಲ? ನೀವು ನೋಡಿರಬೇಕು.”

ಬೀರಣ್ಣನ ಅಪ್ಪ ಕಾಕತಿಯ ಗುಡ್ಡದಲ್ಲಿ ಕುರಿ ಕಾಯ್ದದ್ದು ನಿಜ. ಬೀರಣ್ಣ ಮಾತ್ರ ಸಾಲಿ ಕಲಿತವನು. ಅವನು ಚೆನ್ನಾಗಿ ಬಲ್ಲ ಹಕ್ಕಿಯೆಂದರೆ ಕಾಗೆ. ಇಡೀ ಕಚೇರಿ ಚಹಾದ ಕಪ್ಪು-ಬಸಿ ಹಿಡಿದು ಅವನ ಮುಖವನ್ನೇ ನೋಡುತ್ತಿತ್ತು.

“ಮಂಗಟ್ಟಿ ಏನ್ರಿ ಸರ್, ನಮಗ ಅದು ಮನಿ ಕೋಳಿ ಇದ್ದಂಗ,” ಎಂದ ಬೀರಣ್ಣ. “ಖಾನಾಪುರ ಕಡೆ ಒಂದು ಗಿಡ ಐತಿ. ವರ್ಷಾ ಹೋಗಿ ನೋಡಿ ಬರ್ತೀನಿ.”

ಸಾಹೇಬರು ಕುರ್ಚಿಯಿಂದ ಎದ್ದು, ತಮ್ಮ ದುರ್ಬೀನನ್ನು ತಂದು ಬೀರಣ್ಣನ ಕೊರಳಿಗೆ ಹಾಕಿದರು. “ಹಂಗಾರ ಈ ಸಲಾನೂ ಮೊದಲ ನೀವ ಹೋಗ್ರಿ. ಜೋಡಿ ಬಂದಾವಂತ ಹೇಳ್ರಿ, ಜೀಪ್ ತಗೊಂಡು ಬರ್ತೀನಿ.”

ಹೀಗೆ ಬೀರಣ್ಣನ ಮರ್ಯಾದೆ ಒಂದು ಹಕ್ಕಿಯ ಕೈಗೆ, ಅಂದರೆ ರೆಕ್ಕೆಗೆ, ಸಿಕ್ಕಿತು. ಮರುದಿನವೇ ಹೋಗಿ ‘ತಪ್ಪಾತು ಸರ್’ ಎನ್ನಬಹುದಿತ್ತು. ಆದರೆ ಬೀರಣ್ಣ ಅಷ್ಟು ಸುಲಭದ ದಾರಿ ಹಿಡಿಯುವ ಜಾತಿಯವನಲ್ಲ. ಹೇಳಿದ್ದನ್ನು ಖರೇ ಮಾಡಿ ತೋರಿಸಿಬಿಟ್ಟರೆ ಅದು ಸುಳ್ಳು ಹೇಗಾದೀತು ಎಂದು ತನ್ನಲ್ಲೇ ವಾದ ಮಾಡಿ ಗೆದ್ದ. ಬಂದ ರವಿವಾರ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಟ.

ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಮರಗಳಿರುವ ಊರು ಯಾವುದೆಂದು ಒಬ್ಬ ಟೆಂಪೊ ಡ್ರೈವರನನ್ನು ಕೇಳಿದ. ಅವನೂ ಬೀರಣ್ಣನ ಹಾಗೆ ‘ಗೊತ್ತಿಲ್ಲ’ ಎನ್ನದ ಮನುಷ್ಯನೇ ಇರಬೇಕು. ಕೂಡ್ರಿಸಿಕೊಂಡು ಮಡ್ಡಿಕೊಪ್ಪ ಎಂಬ ಊರಲ್ಲಿ ಇಳಿಸಿದ. ಮುತ್ತುಗ ಹೂಬಿಟ್ಟು ಕಾಡಿನ ಅಂಚೆಲ್ಲ ಕೆಂಪಾಗಿತ್ತು. ಬೀರಣ್ಣ ಮುಖ ಮೇಲೆತ್ತಿ ಮರ ಮರ ನೋಡುತ್ತ ನಡೆದ. ಮುಖ ಮೇಲಿದ್ದವನಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟವನು ಯಾರದೋ ಗೊಬ್ಬರದ ತಿಪ್ಪೆಯಲ್ಲಿ ಅಂಗಾತ ಬಿದ್ದ.

ಅಂಗಾತ ಬಿದ್ದದ್ದೇ ಪುಣ್ಯ. ನೇರ ಮೇಲೆ, ಒಂದು ಮನೆಯ ಅಂಗಳದ ಮೂಲೆಯಲ್ಲಿದ್ದ ಮುದಿ ತಾರಿ ಮರದ ಕೊಂಬೆಗೆ, ಬಸ್ಸಿನ ಬ್ರೇಕಿನಂಥ ದನಿ ಮಾಡುತ್ತ ದೊಡ್ಡದೊಂದು ಹಕ್ಕಿ ಬಂದಿಳಿಯಿತು. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು. ಹಿಂದೆಯೇ ಇನ್ನೊಂದು. ಎರಡೂ ಕಾಂಡದ ಪೊಟರೆಗೆ ತಲೆ ಹಾಕಿ, ಹಳೆಯ ಮನೆಗೆ ತಿರುಗಿ ಬಂದವರು ಗೋಡೆ ಸೂರು ನೋಡುವ ಹಾಗೆ ನೋಡಿದವು. ಬೀರಣ್ಣನಿಗೆ ಕಣ್ಣಲ್ಲಿ ನೀರೇ ಬಂತು. ಮೊದಲು ಮರ್ಯಾದೆ ಉಳಿದ ಸಂತೋಷಕ್ಕೆ ಬಂತು, ಆಮೇಲೆ ಆ ಹಕ್ಕಿಗಳ ಚಂದಕ್ಕೇ ಬಂತು. ಮೈಯೆಲ್ಲ ಸಗಣಿಯಾದ ಅವನು ತಿಪ್ಪೆಯಲ್ಲೇ ಎದ್ದು ಕುಳಿತು ದುರ್ಬೀನು ಕಣ್ಣಿಗೆ ಹಿಡಿದ.

“ಏನ್ ನೋಡಾಕತ್ತೀರಿ ಯಜಮಾನ್ರ?”

ತಿಪ್ಪೆಯ ಮಾಲೀಕ ಭರಮಪ್ಪ ಪಕ್ಕದಲ್ಲಿ ನಿಂತಿದ್ದ.

“ಹಕ್ಕಿರಿ. ಹಕ್ಕಿ ನೋಡಾಕ ಬಂದೀನಿ.”

ಭರಮಪ್ಪ ದುರ್ಬೀನು ತಿರುಗಿದ ದಿಕ್ಕು ನೋಡಿದ. ಅಲ್ಲಿ ತಾರಿ ಮರವಿತ್ತು. ಮರದ ಆಚೆ ತನ್ನ ಮನೆಯ ಕಟ್ಟೆಯಿತ್ತು. ಕಟ್ಟೆಯ ಮೇಲೆ ತನ್ನ ಮಗಳು ಲಕ್ಷ್ಮೀ ತೊಳೆದ ಪಾತ್ರೆ ಬೋರಲು ಹಾಕುತ್ತಿದ್ದಳು. ಭರಮಪ್ಪನಿಗೆ ಎಲ್ಲವೂ ತಿಳಿಯಿತು.

ಇಲ್ಲಿ ಓದುಗರು ಆ ಸೀಮೆಯ ಒಂದು ರೀತಿಯನ್ನು ತಿಳಿದಿರಬೇಕು. ಹೆಣ್ಣು ನೋಡಲು ಬಂದವರು ಹೆಣ್ಣು ನೋಡಲು ಬಂದಿದ್ದೇವೆಂದು ಎಂದೂ ಹೇಳುವುದಿಲ್ಲ. ಮನಸ್ಸಿಗೆ ಬಾರದಿದ್ದರೆ ಹುಡುಗಿಯ ಹೆಸರು ಕೆಡಬಾರದಲ್ಲ. ಆದ್ದರಿಂದ ಎತ್ತು ನೋಡಲು ಬಂದೆವು, ದಾರಿ ತಪ್ಪಿ ಬಂದೆವು ಎನ್ನುತ್ತಾರೆ. ಹೆಣ್ಣಿನವರೂ ನಂಬಿದಂತೆ ಎತ್ತು ತೋರಿಸುತ್ತಾರೆ. ಒಳ್ಳೆಯ ಮನೆತನವೆಂದರೆ ಒಳ್ಳೆಯ ನೆಪ. ನೆಪಕ್ಕಾಗಿ ತಿಪ್ಪೆಯಲ್ಲಿ ಬೀಳುವ ಮನೆತನವನ್ನು ಭರಮಪ್ಪ ಅಂದೇ ಕಂಡದ್ದು.

“ನೋಡ್ರಿ, ನೋಡ್ರಿ. ಹಕ್ಕಿ ಅಂದ ಮ್ಯಾಲೆ ನೋಡಬೇಕಾದ್ದ,” ಎಂದು ಅವನು ಗಂಭೀರವಾಗಿ ಹೇಳಿ, ಬೀರಣ್ಣನನ್ನು ಕೈಹಿಡಿದು ಎಬ್ಬಿಸಿ ಮನೆಗೆ ಕರೆದೊಯ್ದ. ಸ್ನಾನಕ್ಕೆ ಬಿಸಿನೀರು, ಉಡಲು ತನ್ನ ಧೋತರ, ಕೂಡಲು ಕಂಬಳಿ, ಕುಡಿಯಲು ಚಹಾ ಎಲ್ಲ ಬಂತು. ಊರ ಹಿರಿಯ ರಾಯಪ್ಪನೂ ಹೇಗೋ ವಾಸನೆ ಹಿಡಿದು ಬಂದು ಪಕ್ಕದಲ್ಲಿ ಕುಳಿತ. ಸೀಮೆಯ ಅರ್ಧ ಲಗ್ನ ತನ್ನ ಬಾಯಿಂದಲೇ ಆದದ್ದೆಂದು ಅವನ ಲೆಕ್ಕ.

“ಯಾವೂರಾಯ್ತ್ರಿ? ಬೆಡಗು ಯಾವುದ್ರಿ? ಮಕ್ಕಳೆಷ್ಟ್ರಿ?”

ಹಕ್ಕಿ ನೋಡುವವನಿಗೆ ಬೆಡಗು, ಅಂದರೆ ಕುಲದೊಳಗಿನ ಬಳಿ, ಯಾಕೆಂದು ಬೀರಣ್ಣನಿಗೆ ಹೊಳೆಯಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುವುದು ಅವನ ಸ್ವಭಾವ, ಅದರಲ್ಲೂ ಅಂದು ಅಪರೂಪಕ್ಕೆ ಎಲ್ಲ ಉತ್ತರವೂ ಗೊತ್ತಿತ್ತು. ಬೆಡಗು ಹೇಳಿದ. ಒಬ್ಬನೇ ಮಗ, ಸುಜಯ, ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯಲ್ಲಿ ಕಾಯಂ ಆಗಿದ್ದಾನೆ, ಲಗ್ನವಾಗಿಲ್ಲ, ಅಡಿಕೆ ಹೋಳು ಕೂಡ ಬಾಯಿಗೆ ಹಾಕುವುದಿಲ್ಲ ಎಂದ. ಭರಮಪ್ಪ ರಾಯಪ್ಪನನ್ನು ನೋಡಿದ. ರಾಯಪ್ಪ ಒಳಗಿದ್ದ ಭರಮಪ್ಪನ ಹೆಂಡತಿ ಭರಮವ್ವನ ಕಡೆ ನೋಡಿದ. ಭರಮವ್ವ ಎರಡನೇ ಸಲ ಚಹಾಕ್ಕೆ ಇಟ್ಟಳು.

ಸೋಮವಾರ ಬೀರಣ್ಣ ಎದೆ ಮುಂದೆ ಮಾಡಿ ಕಚೇರಿಗೆ ಹೋಗಿ, ಜೋಡಿ ಬಂದಿದೆ, ಇನ್ನೊಂದು ಸಲ ನೋಡಿ ಗಟ್ಟಿ ಮಾಡಿ ಬರುತ್ತೇನೆ ಎಂದು ಸಾಹೇಬರಿಗೆ ವರದಿ ಒಪ್ಪಿಸಿದ.

ಮುಂದಿನ ರವಿವಾರ ಧೋತರ ತಿರುಗಿ ಕೊಡಬೇಕಿತ್ತು. ಉಪಕಾರ ಮಾಡಿದವರ ಮನೆಗೆ ಬರಿಗೈಲಿ ಹೋಗಬಾರದೆಂದು ಅದನ್ನು ಲಾಂಡ್ರಿಗೆ ಕೊಟ್ಟು, ಇಸ್ತ್ರಿ ಮಾಡಿಸಿ, ಮೇಲೊಂದು ಡಬ್ಬಿ ಬೆಳಗಾವಿ ಕುಂದಾ ಇಟ್ಟು ಎರಡೂ ಕೈಯಿಂದ ಭರಮಪ್ಪನಿಗೆ ಕೊಟ್ಟ. ಹುಟ್ಟಿದಂದಿನಿಂದ ಇಸ್ತ್ರಿ ಕಾಣದ ಆ ಧೋತರ ಎಷ್ಟು ಬೆಳ್ಳಗಾಗಿತ್ತೆಂದರೆ ಅದನ್ನು ಉಟ್ಟುಕೊಂಡು ಹತ್ತು ಸಂತೆ ಮಾಡಿದ್ದ ಭರಮಪ್ಪನಿಗೇ ಗುರುತು ಹತ್ತಲಿಲ್ಲ. ಗಂಡಿನ ಕಡೆಯವರು ಅರಿವೆಯನ್ನೂ ಸಿಹಿಯನ್ನೂ ಕೂಡಿಸಿ ತಂದಿದ್ದರು. ಇನ್ನೇನು ಹೇಳಿಸಿಕೊಳ್ಳಬೇಕು?

ಬೀರಣ್ಣ ಅದಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಮೇಲೆ ಹೆಣ್ಣು ಹಕ್ಕಿ ಪೊಟರೆಯೊಳಗೆ ನುಗ್ಗುತ್ತಿತ್ತು. ತಲೆ ಹೋಯಿತು, ಮೈ ಸಿಕ್ಕಿಕೊಂಡಿತು, ತಿಣುಕಾಡಿ ಬಾಲವನ್ನೂ ಎಳೆದುಕೊಂಡಿತು. ಬೀರಣ್ಣ ದುರ್ಬೀನು ಹಿಡಿದು ಬಾಯಿ ತೆರೆದು ನಿಂತಿದ್ದ. ತೆರೆದ ಬಾಯಿಗೆ ರಾಯಪ್ಪ ಒಂದು ಚಿಟಿಕೆ ಸಕ್ಕರೆ ಹಾಕಿದ. ಬೀರಣ್ಣ ನುಂಗಿದ. ಸಕ್ಕರೆ ನುಂಗಿದರೆ ಮಾತು ಗಟ್ಟಿ. ಇನ್ನು ದೇವರು ಬಂದರೂ ಬಿಡಿಸಲಾಗದು.

“ಭಾಳ ಚಲೋ ಆತ್ರಿ,” ಎಂದ ಬೀರಣ್ಣ, ಹಕ್ಕಿ ಒಳಗೆ ಸೇರಿದ ಸಮಾಧಾನಕ್ಕೆ.

“ನಮಗೂ ಹಂಗ ಅನಸ್ತು ಬೀಗರ,” ಎಂದ ಭರಮಪ್ಪ.

ಈ ಊರಲ್ಲಿ ಬಂದವರನ್ನೆಲ್ಲ ಬೀಗರೆನ್ನುತ್ತಾರೆ, ಎಂಥ ಒಳ್ಳೆಯ ಜನ ಎಂದುಕೊಂಡು ಬೀರಣ್ಣ ಬೆಳಗಾವಿಗೆ ಬಂದ. ಮುಂದಿನ ರವಿವಾರಕ್ಕೆ ಸಾಹೇಬರ ಜೀಪು ನಿಕ್ಕಿಯಾಯಿತು.

ಶನಿವಾರ ಸಂಜೆ ಬಾಜು ಮನೆಯ ಸಿದ್ದಕ್ಕ ಮಗ್ಗ ನಿಲ್ಲಿಸಿ, ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಬಂದಳು. ಅವಳ ತಂಗಿಯನ್ನು ಕೊಟ್ಟದ್ದು ಅದೇ ಮಡ್ಡಿಕೊಪ್ಪಕ್ಕೆ.

“ಮಾಯಕ್ಕ, ಬಾಯಿ ಸಿಹಿ ಮಾಡಲಾರದ ಸುಮ್ಮ ಕುಂತೀರೇನ? ಸುಜಯಂದು ಗಟ್ಟಿ ಆತಂತ, ತಂಗಿ ಈಗ ಬಂದು ಹೇಳಿದ್ಲು. ಹುಡಿಗಿ ಭಾಳ ಶಾಣೇಕಿ. ನಿಮ್ಮವ್ರು ತಿಪ್ಪ್ಯಾಗ ಕುಂತ ಒಪ್ಪಿದ್ರಂತ.”

ಮಾಯಕ್ಕ ಬೀರಣ್ಣನ ಕಡೆ ತಿರುಗಿದಳು. ಬೀರಣ್ಣ ದುರ್ಬೀನಿನ ಗಾಜು ಒರೆಸುತ್ತಿದ್ದ.

“ಅಲ್ರೀ, ಮಗನ ಲಗ್ನ ಗೊತ್ತು ಮಾಡಿ ಬಂದೀರಿ. ಹೆತ್ತಾಕಿ ನಾ ಇದ್ದೀನಿ, ಒಂದು ಮಾತು ಹೇಳಾಕ ಬಾಯಿ ಇಲ್ಲೇನು? ಊರೆಲ್ಲಾ ಬಾಯಿ ಬಿಡ್ತೀರಿ, ಮನ್ಯಾಗ ಮಾತ್ರ ಬೀಗ.”

“ನಾ ಹಕ್ಕಿ ನೋಡಾಕ ಹೋಗಿದ್ನೆ.”

“ಹೌದು, ಹೌದು. ನನ್ನ ನೋಡಾಕ ಬಂದಾಗ ನಿಮ್ಮಪ್ಪ ಟಗರು ನೋಡಾಕ ಬಂದೀನಿ ಅಂದಿದ್ದ. ದುರ್ಬೀನ್ ತಗೊಂಡು ಬಂದಿರಲಿಲ್ಲ ಪುಣ್ಯಕ್ಕ.”

ಮಗ ಸುಜಯ ಊಟ ಬಿಟ್ಟು ಎದ್ದುನಿಂತ. ಆ ಮನೆಯಲ್ಲಿ ತನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲವೆಂದು ಅವನಿಗೆ ಚಿಕ್ಕಂದಿನಿಂದ ತಿಳಿದಿದ್ದರಿಂದ ಮತ್ತೆ ಕುಳಿತ.

ಸಿದ್ದಕ್ಕ ಮಾತು ಮುಂದುವರಿಸಿದಳು. “ಅವ್ರಂತೂ ತಯಾರಿಗೆ ನಿಂತಾರ. ಅಂಗಳದಾಗ ಹಂದರಾ ಹಾಕಾಕ ಜಾಗಾ ಸಾಲಂಗಿಲ್ಲಂತ, ನಾಳೆ ಆ ತಾರಿ ಗಿಡಾ ಕಡಸ್ತಾರಂತ. ಲಗ್ನದ ಅಡಗೀಗೆ ಕಟಗೀನೂ ಆತು.”

ಬೀರಣ್ಣ ದುರ್ಬೀನು ಕೆಳಗಿಟ್ಟು ಎದ್ದ. ಆ ಪೊಟರೆಯ ಬಾಗಿಲು ಈಗ ಮೆತ್ತಿರುತ್ತದೆ. ಒಳಗಿನ ಹಕ್ಕಿ ಹಾರಿಹೋಗುವಂತಿಲ್ಲ. ತಾನು ನೋಡಿದ್ದರಿಂದಲೇ ಲಗ್ನ ಹುಟ್ಟಿತು, ಲಗ್ನದಿಂದ ಹಂದರ, ಹಂದರದಿಂದ ಕೊಡಲಿ. ಅವನಿಗೆ ಸಾಹೇಬರು, ಕಚೇರಿ, ಮರ್ಯಾದೆ ಒಂದೂ ನೆನಪಿಗೆ ಬರಲಿಲ್ಲ.

“ಗಿಡಾ ಕಡೀಬಾರದು,” ಎಂದ.

“ನಾ ಮಗನ ಲಗ್ನದ ಮಾತಾಡಾಕತ್ತೀನಿ, ನೀವು ಗಿಡದ ಮಾತಾಡ್ತೀರಲ್ರೀ.”

“ಎರಡೂ ಈಗ ಒಂದ ಆಗ್ಯಾವು. ನಾಳೆ ಮುಂಜಾನೆ ಎಲ್ಲಾರೂ ಹೊರಡ್ರಿ.” ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಬೀರಣ್ಣ ಅಪ್ಪಣೆ ಕೊಟ್ಟದ್ದು ಅದೇ ಮೊದಲು. ಅದು ಅಪ್ಪಣೆಯೆಂದು ತಿಳಿಯಲು ಮಾಯಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಜೀಪಿನಲ್ಲಿ ಸಾಹೇಬರು, ಬೀರಣ್ಣ, ಕಸೂತಿ ಇಳಕಲ್ ಸೀರೆ ಉಟ್ಟ ಮಾಯಕ್ಕ, ಹೊಸ ಅಂಗಿಯ ಸುಜಯ, ಕರೆಯದೇ ಹತ್ತಿದ ಸಿದ್ದಕ್ಕ ಎಲ್ಲರೂ ಹೊರಟರು. ಹಕ್ಕಿ ನೋಡಲು ಬೀರಣ್ಣನ ಮನೆಯವರು ಇಷ್ಟು ಸಿಂಗರಿಸಿಕೊಳ್ಳುವುದನ್ನು ಕಂಡು ಸಾಹೇಬರಿಗೆ ಅವರ ಮೇಲೆ ಗೌರವ ಹುಟ್ಟಿತು.

ಮಡ್ಡಿಕೊಪ್ಪದಲ್ಲಿ ಮರ ಕಡಿಯುವುದನ್ನು ನೋಡಲು ಊರಿಗೆ ಊರೇ ಭರಮಪ್ಪನ ಅಂಗಳದಲ್ಲಿತ್ತು. ಸರಕಾರಿ ಜೀಪಿನಿಂದ ಇಳಿದ ಸಾಹೇಬರನ್ನು ಗಂಡಿನ ಕಡೆಯ ಹಿರಿಯರೆಂದು ತಿಳಿದು ಕಾಲಿಗೆ ನೀರು ಕೊಟ್ಟು, ಕಂಬಳಿಯ ನಡುವೆ ಕೂಡ್ರಿಸಿ, ಹಣೆಗೆ ಅರಿಸಿನದ ಭಂಡಾರ ಹಚ್ಚಿದರು. “ಹಕ್ಕಿ ಎಲ್ಲಿ ಬೀರಣ್ಣ?” ಎಂದು ಸಾಹೇಬರು ಕೇಳಿದಾಗ ಸುತ್ತಲಿನವರು ಮೆಚ್ಚಿ ತಲೆಯಾಡಿಸಿದರು. ಎಂಥ ದೊಡ್ಡ ಮನುಷ್ಯ, ಇನ್ನೂ ನೆಪ ಬಿಟ್ಟಿಲ್ಲ.

ತಾರಿ ಮರದ ಬುಡದಲ್ಲಿ ಈರಣ್ಣ ಎಂಬವನು ಕೊಡಲಿ ಮಸೆಯುತ್ತಿದ್ದ. ಬೀರಣ್ಣ ನೇರ ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತ.

“ಎಲ್ಲಾರೂ ಕೇಳ್ರಿ. ನಾ ಇಲ್ಲಿ ಬಂದದ್ದು ಹಕ್ಕಿ ನೋಡಾಕ. ಕುಲದೇವ್ರು ಬೀರಪ್ಪನ ಆಣಿ ಮಾಡಿ ಹೇಳ್ತೀನಿ, ಬರೇ ಹಕ್ಕಿ ನೋಡಾಕ.”

ಅಂಗಳ ತುಂಬ ನಗು ಹರಡಿತು. ರಾಯಪ್ಪ ಬೀರಣ್ಣನ ಹೆಗಲು ತಟ್ಟಿದ. “ಗೊತ್ತೈತಿ ಬಿಡ್ರಿ. ಸಾವಿರ ಸುಳ್ಳ ಹೇಳಿ ಒಂದು ಲಗ್ನಾ ಮಾಡು ಅಂತಾರ. ನೀವು ಇನ್ನೂ ಒಂದ ಹೇಳೀರಿ.”

ಸತ್ಯ ಹೇಳಿದರೆ ನಂಬದ ಜನಕ್ಕೆ ಇನ್ನೇನು ಹೇಳುವುದು? ಲಗ್ನವೇ ಇಲ್ಲ ಎಂದು ಕೂಗಿದರೆ ಮರ ಉಳಿಯಬಹುದು. ಆದರೆ ಸಕ್ಕರೆ ತಿಂದು ಉಗುಳಿದ ಮನೆಯವರಿಂದಾಗಿ ಆ ಹುಡುಗಿಯ ಹೆಸರು ಸೀಮೆಯಲ್ಲೆಲ್ಲ ಕೆಡುತ್ತದೆ. ಬೀರಣ್ಣ ಮಗನನ್ನು ಹುಡುಕಿದ. ಸುಜಯ ಕಟ್ಟೆಯ ಹತ್ತಿರ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಎದುರಿಗೆ ಲಕ್ಷ್ಮೀ.

“ನಿಮ್ಮಪ್ಪಾರು ಹಕ್ಕೀನ ನೋಡಾಕ ಬಂದಿದ್ರು,” ಎನ್ನುತ್ತಿದ್ದಳು ಅವಳು. “ನಾ ಮೊದಲನೇ ದಿನಾನ ಹೇಳೀನಿ. ನನ್ನ ಯಾರ ಕೇಳ್ತಾರ್ರಿ ಈ ಮನ್ಯಾಗ?”

“ನಮ್ಮ ಮನ್ಯಾಗೂ ಹಂಗ ಐತ್ರಿ,” ಎಂದ ಸುಜಯ.

“ನೀವೂ ಹಕ್ಕಿ ನೋಡ್ತೀರೇನು?”

“ಇಲ್ರಿ. ನಾ ಮಚ್ಛೇದಾಗ ಲೇಥ್ ಮಷೀನ್ ನೋಡ್ತೀನಿ.”

ಲಕ್ಷ್ಮೀ ನಕ್ಕಳು. “ನಿಮಗ ಒಲ್ಲೆ ಅನಸಿದ್ರ ಈಗ ಹೇಳ್ರಿ. ಸಿಟ್ಟ ಮಾಡಂಗಿಲ್ಲ.”

ಸುಜಯ ಒಲ್ಲೆ ಎನ್ನಲಿಲ್ಲ. ತಂಬಿಗೆಯ ನೀರನ್ನು ಒಂದೇ ಗುಟುಕಿಗೆ ಕುಡಿದು ಮುಗಿಸಿ, ಮತ್ತೆ ನೀರು ಕೇಳಿದ. ಇದನ್ನು ಬೀರಣ್ಣ ನೋಡಿದ, ಮಾಯಕ್ಕನೂ ನೋಡಿದಳು. ಮಾಯಕ್ಕ ಗಂಡನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದಳು. ಅದು ಒಪ್ಪಿಗೆಯೆಂದು ಮನೆಯವರಿಗೆ ಮಾತ್ರ ತಿಳಿಯುತ್ತದೆ.

ಅಷ್ಟರಲ್ಲಿ ರಾಯಪ್ಪ ಕಂಬಳಿಯ ಮೇಲೆ ಕುಳಿತು ಗಂಟಲು ಸರಿಮಾಡಿಕೊಂಡ. “ಗಂಡಿನವ್ರ ಬೇಡಿಕಿ ಏನೈತಿ ಹೇಳಿಬಿಡ್ರಿ. ಮುಚ್ಚುಮರಿ ಬ್ಯಾಡ.”

ಸ್ಕೂಟರು ಕೇಳುತ್ತಾರೋ ಬಂಗಾರವೋ ಎಂದು ಭರಮವ್ವ ಕದದ ಹಿಂದೆ ಸೆರಗು ಹಿಡಿದು ನಿಂತಳು. ಬೀರಣ್ಣ ಮರವನ್ನು ಬಿಡದೇ ಅಲ್ಲಿಂದಲೇ ಹೇಳಿದ.

“ಬೇಡಿಕಿ ಒಂದ. ಈ ಗಿಡಾ ಕಡೀಬಾರದು. ಹಂದರಾ ಕಣದಾಗ ಹಾಕ್ರಿ. ಇಲ್ಲಿ ಬಾಜಾ ಬಜಂತ್ರಿ ಬ್ಯಾಡ, ಪಟಾಕಿ ಬ್ಯಾಡ.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಇದರ ಹಿಂದೆ ಏನೋ ಇದೆ ಎಂದು ಒಬ್ಬ ಪಿಸುಗುಟ್ಟಿದ. ಮರದ ಬುಡದಲ್ಲಿ ಹೂತ ಹಣ ಇದ್ದೀತೆಂದು ಇನ್ನೊಬ್ಬ. ಈರಣ್ಣ ಕೊಡಲಿಯಿಂದ ಬುಡದ ಮಣ್ಣನ್ನು ಸುಮ್ಮನೆ ಕೆದರಿ ನೋಡಿದ.

“ಯಾಕ್ರಿ ಬೀಗರ?” ಎಂದು ಕದದ ಹಿಂದಿನಿಂದ ಭರಮವ್ವನೇ ಕೇಳಿದಳು.

ಬೀರಣ್ಣ ಪೊಟರೆಯ ಕಡೆ ಕೈ ಮಾಡಿದ. “ಒಳಗ ಬಾಣಂತಿ ಇದ್ದಾಳವ್ವ. ವರ್ಷಾ ಇಲ್ಲೇ ಬರ್ತಾಳ, ಇದ ಆಕಿ ತವರುಮನಿ. ಬಾಗಿಲಾ ಹಾಕ್ಕೊಂಡು ಕುಂತಾಳ. ಓಡಿ ಹೋಗಾಕೂ ಬರಂಗಿಲ್ಲ ಆಕಿಗೆ. ಗಂಡಾ ಹೊರಗಿಂದ ತಂದು ಉಣಸ್ತಾನ.”

ಹೇಳುತ್ತಿದ್ದಂತೆಯೇ ಗಂಡು ಹಕ್ಕಿ ಕಾಡಿನ ಕಡೆಯಿಂದ ಸದ್ದು ಮಾಡುತ್ತ ಬಂದು ಕಾಂಡಕ್ಕೆ ಅಂಟಿ ಕುಳಿತಿತು. ಮೆತ್ತಿದ ಬಾಗಿಲಿನ ಸಂದಿಯಿಂದ ಕೊಕ್ಕಿನ ತುದಿಯೊಂದು ಹೊರಬಂತು. ಗಂಡು ಗಂಟಲಿನಿಂದ ಒಂದು ಅತ್ತಿಹಣ್ಣು ತೆಗೆದು ಅದಕ್ಕೆ ಕೊಟ್ಟಿತು. ಇನ್ನೊಂದು ಕೊಟ್ಟಿತು. ಇಡೀ ಊರು ಬಾಯಿ ತೆರೆದು ನೋಡಿತು.

ಭರಮವ್ವ ಕದ ಬಿಟ್ಟು ಹೊರಗೆ ಬಂದು, ಈರಣ್ಣನ ಕೈಯಿಂದ ಕೊಡಲಿ ಕಿತ್ತುಕೊಂಡು ಗಂಡನ ಮುಂದೆ ಹಾಕಿದಳು. “ಬಾಣಂತಿ ಇರೋ ಮನಿ ಕಡಸಾಕ ಹೊಂಟಿದ್ರಲ್ಲ, ಮಗಳ ಲಗ್ನಕ್ಕ. ಒಳ್ಳೇದ ಆಗತಿತ್ತೇನ್ ಆಕಿಗೆ? ಹಂದರಾ ಕಣದಾಗ. ಮಾತು ಮುಗೀತು.”

ಅಲ್ಲಿಂದ ಮುಂದೆ ದುರ್ಬೀನಿಗೆ ಸರತಿ ಹತ್ತಿತು. ಮೊದಲು ಹೆಂಗಸರು, ಆಮೇಲೆ ಗಂಡಸರು, ಆಮೇಲೆ ಈರಣ್ಣ. ಆ ದೃಶ್ಯಕ್ಕಾಗಿ ಜನ್ಮವಿಡೀ ಹಂಬಲಿಸಿದ್ದ ಸಾಹೇಬರು ತಮ್ಮದೇ ದುರ್ಬೀನಿಗಾಗಿ ಸರತಿಯ ಕೊನೆಯಲ್ಲಿ, ಹಣೆಗೆ ಭಂಡಾರ ಹಚ್ಚಿಕೊಂಡು ನಿಂತರು. ಮುಂದಿದ್ದ ಮಾಯಕ್ಕ ಕಣ್ಣಿನಿಂದ ಅದನ್ನು ತೆಗೆಯುತ್ತಲೇ ಇರಲಿಲ್ಲ. “ಉಣಸೂದು ನೋಡ್ರಿ ಹೆಂಗ ಉಣಸ್ತಾನ,” ಎಂದು ಅವಳು ಗಂಡನಿಗೆ ಕೇಳುವಂತೆ ಹೇಳಿದಳು.

“ಖರೇ ಹೇಳ್ರಿ ಬೀರಣ್ಣ,” ಎಂದರು ಸಾಹೇಬರು ಕಿವಿಯಲ್ಲಿ. “ನನ್ನ ದುರ್ಬೀನು, ನನ್ನ ಜೀಪು. ನೀವು ಬಂದದ್ದು ಹಕ್ಕಿಗೋ, ಹೆಣ್ಣಿಗೋ?”

ಬೀರಣ್ಣ ಆಣೆ ಇಡಲು ಬಾಯಿ ತೆರೆದ. ಜೀವನದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡ.

ಊಟದ ಎಲೆ ಹಾಕುವ ಮುಂಚೆ ಭರಮಪ್ಪ ರಾಯಪ್ಪನ ಹತ್ತಿರ ಸರಿದು ಕುಳಿತ. “ಎಲ್ಲಾ ಸರಿ ಆತಲ್ಲ ಕಾಕಾ. ಹಂಗಾರ ಲಗ್ನದ ದಿನಾ ಯಾವಾಗ ಹಿಡಿಯೂಣು?”

ರಾಯಪ್ಪ ಬೆರಳೆಣಿಸಲು ಹೋಗಿ ನಿಲ್ಲಿಸಿದ. ಮಗಳ ಲಗ್ನ ಮಾಡುವ ಮನೆಯಲ್ಲಿ ಬಾಣಂತಿ ಬಾಗಿಲು ಹಾಕಿಕೊಂಡು ಕುಳಿತಿದ್ದಾಳೆ. ಹಾಗಿರುವಾಗ ದಿನ ಹಿಡಿದ ಉದಾಹರಣೆ ಅವನ ನೆನಪಿನಲ್ಲಿರಲಿಲ್ಲ. ಅವನು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ತಾರಿ ಮರದ ಪೊಟರೆಯ ಕಡೆ ನೋಡಿದ.

“ನನ್ನ ಏನ್ ಕೇಳ್ತೀಯೋ,” ಎಂದ. “ಆಕಿ ಹೊರಗ ಬರ್ಲಿ, ಆಕಿನ್ನ ಕೇಳೂಣು.”